ಕೆಂಪಿ ಹಾಯಲಿಲ್ಲ

ಹಲ್ಲು ಬಿದ್ದವರು ಸೆರಗು ಅಡ್ಡ ಹಿಡಿದು ನಗುತ್ತಾರೆ. ಉತ್ತರಹಳ್ಳಿಯ ಸೊಣ್ಣಮ್ಮ ಹಾಗಲ್ಲ. ಮೇಲಿನ ಸಾಲಿನ ನಟ್ಟನಡುವೆ ಎರಡು ಹಲ್ಲಿಲ್ಲದ ಬಾಯನ್ನು ಬೇಕೆಂದೇ ಅಗಲವಾಗಿ ತೆರೆದು ನಗುತ್ತಿದ್ದಳು. ಅದರಲ್ಲೂ ಭಾವ ರಾಮಯ್ಯ ಎದುರಿಗಿದ್ದರೆ, ನಗುವಂಥದ್ದು ಏನೂ ಇಲ್ಲದಿದ್ದರೂ ನಗುತ್ತಿದ್ದಳು. ಮದುವೆ, ನಾಮಕರಣ, ತಿಥಿ ಯಾವುದನ್ನೂ ಬಿಟ್ಟವಳಲ್ಲ. ಹೊಸಬರು ಯಾರಾದರೂ "ಹಲ್ಲೇನಾಯ್ತಮ್ಮ?" ಎಂದು ಕೇಳಿದರೆ ಅವಳ ಉತ್ತರ ಒಂದೇ.

"ನಮ್ ಭಾವ್ನೋರ್ನ ಕೇಳಿ. ಅವ್ರಿಗೆ ಗೊತ್ತು."

ಕೇಳಿದವರಿಗೆ ರಾಮಯ್ಯ, "ಹಸು ಹಾಯ್ತು, ಪಾಪ" ಎಂದು ಹೇಳಿ ಮೀಸೆಯ ಮೇಲೆ ಕೈಯಾಡಿಸುತ್ತಿದ್ದ. ಹಾಗಾಗಿ ಊರಿನಲ್ಲಿ ಅವಳಿಗೆ 'ಹಸು ಹಾಯ್ದ ಸೊಣ್ಣಮ್ಮ' ಎಂದೇ ಹೆಸರು ನಿಂತಿತು.

ನಡೆದದ್ದು ಬೇರೆ. ಅವಳ ಗಂಡ ತೀರಿಕೊಂಡ ವರ್ಷ, ಕೆರೆ ಕೋಡಿಯ ಪಕ್ಕದ ಹೊಲವನ್ನು ಲೇಔಟಿನವರಿಗೆ ಕೊಡುವುದೆಂದು ರಾಮಯ್ಯ ಮಾತಾಡಿ ಬಂದಿದ್ದ. ತಮ್ಮನ ಹೆಂಡತಿಯನ್ನು ಒಂದು ಮಾತು ಕೇಳುವ ಸಂಪ್ರದಾಯ ಅವನಿಗೆ ಇರಲಿಲ್ಲ. ಹೆಬ್ಬೆಟ್ಟು ಒತ್ತು ಎಂದ. ಒತ್ತಲ್ಲ ಎಂದಳು. ಬಿಸಿಲಲ್ಲಿ ಬಂದಿದ್ದಾನೆಂದು ಆಗಷ್ಟೇ ಅವಳೇ ಕುಡಿಯಲು ನೀರು ಕೊಟ್ಟಿದ್ದ ಹಿತ್ತಾಳೆ ಚೊಂಬು ಅವನ ಕೈಯಲ್ಲಿತ್ತು. ಅದನ್ನೇ ಬೀಸಿ ಹೊಡೆದ.

ಮರುದಿನ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಸೊಣ್ಣಮ್ಮನ ತುಟಿ ಊದಿ ಮಾತು ಹೊರಡುತ್ತಿರಲಿಲ್ಲ. ರಾಮಯ್ಯ, ಹಾಲು ಕರೆಯುವಾಗ ಅವಳ ಹಸು ಕೆಂಪಿ ಹಾಯ್ದು ಹಲ್ಲು ಮುರಿಯಿತು ಎಂದ. ಅವಳು ವೀಳ್ಯದೆಲೆ ತೋರಿಸಿ, ಇದನ್ನು ಮುಟ್ಟಿ ಹೇಳಲಿ ಎಂದು ಸನ್ನೆ ಮಾಡಿದಳು. ಆ ಕಡೆಯ ಊರುಗಳಲ್ಲಿ ವೀಳ್ಯ ಮುಟ್ಟಿ ಸುಳ್ಳಾಡುವ ಧೈರ್ಯ ಕಳ್ಳನಿಗೂ ಇಲ್ಲ. ಹಾಗೆ ಆಡಿದವರ ಮನೆಯಲ್ಲಿ ಯಾರೂ ಹಸೆಮಣೆ ಏರುವುದಿಲ್ಲ ಎಂಬ ಮಾತಿದೆ. ಆದರೆ ಹಿರಿಯರು, "ಮನೆ ಯಜಮಾನನ್ನ ವೀಳ್ಯ ಮುಟ್ಸಾದಾ? ಎಲ್ಲಾದ್ರೂ ಉಂಟಾ?" ಎಂದು ಎದ್ದುಬಿಟ್ಟರು. ಹಾಯುವ ಹಸು ಮನೆಯಲ್ಲಿರಬಾರದೆಂದು ಮುಂದಿನ ಸಂತೆಗೆ ಕೆಂಪಿಯನ್ನು ಹೊಡೆದುಕೊಂಡು ಹೋಗಿ ಮಾರಿದರು. ಕರುವಿಗೂ ಕೊಂಬು ತಾಗಿಸದ ಹಸು ಅದು. ಅದರ ಹಾಲು ಮಾರಿಯೇ ಸೊಣ್ಣಮ್ಮನ ಒಲೆ ಉರಿಯುತ್ತಿತ್ತು. ಒಲೆ ಆರಿದ ಮೇಲೆ ಹೆಬ್ಬೆಟ್ಟು ತಾನಾಗಿಯೇ ಬಿತ್ತು.

ಹೊಲ ಹೋಯಿತು, ಈಗ ಅಲ್ಲಿ ರಸ್ತೆ, ಸೈಟು, ಮನೆಗಳು. ಹಲ್ಲೂ ಹೋಯಿತು. ಅದೆಲ್ಲ ವಾಪಸ್ಸು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಬೇಕಾಗಿದ್ದುದು ಒಂದೇ. 'ಹಸು ಅಲ್ಲ, ನಾನು' ಎಂದು ರಾಮಯ್ಯ ನಾಲ್ಕು ಜನರ ಮುಂದೆ ತನ್ನ ಬಾಯಿಂದಲೇ ಹೇಳಬೇಕು. ಅದಕ್ಕಾಗಿ ಇಪ್ಪತ್ತು ವರ್ಷಕ್ಕೂ ಮೇಲೆ ಆ ಸಂದನ್ನು ಹಾಗೇ ಇಟ್ಟುಕೊಂಡು ಕಾದಳು. ಹಲ್ಲು ಕಟ್ಟಿಸಿಕೊಂಡರೆ ಕೇಳುವವರು ಯಾರು?

ರಾಮಯ್ಯ ಹೊಲದ ದುಡ್ಡಿನಲ್ಲಿ ಮೂರಂತಸ್ತಿನ ಬಿಲ್ಡಿಂಗ್ ಎಬ್ಬಿಸಿದ. ಅದರ ಪಕ್ಕದಲ್ಲೇ ಸೊಣ್ಣಮ್ಮನ ಹೆಂಚಿನ ಮನೆ, ಮುಂದೊಂದು ಜಗಲಿ. ಎರಡು ಸಾವಿರದ ಎರಡನೇ ಇಸವಿಯ ಹೊತ್ತಿಗೆ ಬಿಲ್ಡಿಂಗಿನ ಕೆಳಗಿನ ಮಳಿಗೆಗೆ ಹಲ್ಲಿನ ಡಾಕ್ಟರು ಬಂದಳು. ಬಾಗಲಕೋಟೆ ಕಡೆಯ ಹುಡುಗಿ, ಹೆಸರು ಶೈಲಶ್ರೀ. ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಮನೆ, ಅಲ್ಲಿಂದ ದಿನಾ ಸ್ಕೂಟಿಯಲ್ಲಿ ಬರುತ್ತಿದ್ದಳು. ಬಾಗಿಲು ತೆರೆದ ದಿನ ರಾಮಯ್ಯನೇ ಮುಂದೆ ನಿಂತು ಬೂದುಗುಂಬಳ ಒಡೆಸಿದ. ಹಲ್ಲು ಕೀಳುವ ಇಕ್ಕಳಕ್ಕೂ ಅರಿಶಿನ ಕುಂಕುಮ ಹಚ್ಚಿಸಿದ. ಮೇಲೆ ಕೆಳಗೆ ಏರಿಳಿಯುವ ಕುರ್ಚಿಯನ್ನು ತಟ್ಟಿ, "ಇದ್ರ್ ಮೇಲೆ ಕೂರೋ ಗಿರಾಕಿ ನಾನಲ್ಲ ಡಾಕ್ಟ್ರಮ್ಮ. ಇವತ್ತಿಗೂ ಕಬ್ಬು ಸಿಗೀತೀನಿ" ಎಂದು ಮೂವತ್ತೆರಡನ್ನೂ ತೋರಿಸಿದ. ನಿಜವೇ. ದೇವರು ಹಲ್ಲು ಕೊಡುವಾಗ ಮುಖ ನೋಡಿ ಕೊಡುವುದಿಲ್ಲ.

ಆ ವರ್ಷ ರಾಮಯ್ಯನ ಮೊಮ್ಮಗಳು ಶ್ವೇತಾಳಿಗೆ ಮಡಿವಾಳದ ಕಡೆಯಿಂದ ಸಂಬಂಧ ಬಂತು. ಹುಡುಗಿ ನೋಡಲು ಬಂದವರಲ್ಲಿ ಹುಡುಗನ ಅಜ್ಜಿ ಮಾರಮ್ಮ ಇದ್ದಳು. ಕಣ್ಣು ಮಂಜಾಗಿದ್ದರೂ ನೋಟ ಮಂಜಾಗಿರಲಿಲ್ಲ. ಕಾರಿನಿಂದ ಇಳಿಯುತ್ತಲೇ ಜಗಲಿಯ ಮೇಲೆ ನಗುತ್ತಾ ಕೂತಿದ್ದ ಸೊಣ್ಣಮ್ಮನನ್ನು ಕಂಡಳು. ಕೇಳಿದಳು. ಎಂದಿನ ಉತ್ತರ ಬಂತು. ಒಳಗೆ ಹೋಗಿ ರಾಮಯ್ಯನನ್ನು ಕೇಳಿದಳು. ಅವನಿಂದಲೂ ಎಂದಿನ ಉತ್ತರವೇ ಬಂತು.

ಮಾರಮ್ಮ ಕಾಫಿ ಲೋಟ ಕೆಳಗಿಟ್ಟಳು. "ನಾವೂ ಹಸು ಸಾಕ್ದೋರೇ ಕಣಪ್ಪ. ಹಾಯ್ದ್ರೆ ಹೊಟ್ಟೆಗೋ ತೊಡೆಗೋ ಹಾಯ್ತದೆ. ಬಾಯಿಗೇ ಗುರಿ ಇಟ್ಟು ಎರಡೇ ಹಲ್ಲು ಉದುರ್ಸೋ ಹಸು ನಾ ಕಾಣೆ."

ರಾಮಯ್ಯ ನಕ್ಕು ಮಾತು ಮರೆಸಿದ. ಆದರೆ ಬಂದವರು ಹೋದ ಮೇಲೆ ನೇರ ಕ್ಲಿನಿಕ್ಕಿಗೆ ಇಳಿದ.

"ವೀಳ್ಯಶಾಸ್ತ್ರದೊಳ್ಗೆ ನಮ್ ಸೊಣ್ಣಮ್ಮನ ಬಾಯಿ ಸರಿ ಮಾಡ್ಬಿಡಿ ಡಾಕ್ಟ್ರಮ್ಮ. ಗಟ್ಟಿಯಾಗಿ, ಪರ್ಮನೆಂಟಾಗಿ. ಖರ್ಚು ನಂದು."

"ಬಾಯಿ ಯಾರ್ದೋ ಅವರ್ನ ಕೇಳಿ ಮಾಡ್ತೀನ್ರಿ" ಎಂದಳು ಶೈಲಶ್ರೀ.

ಸೊಣ್ಣಮ್ಮ ಮೊದಲು ಸುತಾರಾಂ ಒಪ್ಪಲಿಲ್ಲ. ಆದರೆ ನೋವಿಗೆ ಹಟ ಗೊತ್ತಾಗುವುದಿಲ್ಲವಲ್ಲ. ಅದೇ ವಾರ ಸಂದಿನ ಒಸಡು ಊದಿ, ಮೂಗಿನವರೆಗೂ ಸಿಡಿಯತೊಡಗಿತು. ಲವಂಗ ಕಚ್ಚಿದಳು, ಕಡ್ಡಿಪುಡಿ ತಿಕ್ಕಿದಳು, ಉಪ್ಪುನೀರು ಮುಕ್ಕಳಿಸಿದಳು. ಕೊನೆಗೆ ಸೆರಗನ್ನು ಕೆನ್ನೆಗೆ ಒತ್ತಿಕೊಂಡು, ಇಪ್ಪತ್ತು ಹೆಜ್ಜೆಯೂ ಇಲ್ಲದ ಕ್ಲಿನಿಕ್ಕಿಗೆ ಬಂದು ಕುರ್ಚಿಯ ಮೇಲೆ ಒರಗಿದಳು.

"ಬಾಯಿ ತೆರೀರಿ, ಯವ್ವಾ" ಎಂದಳು ಶೈಲಶ್ರೀ. ಪುಟ್ಟ ಕನ್ನಡಿ ಇಟ್ಟು ನೋಡಿದಳು, ಎಕ್ಸ್‌ರೇ ತೆಗೆದಳು. "ಒಂದು ಹಲ್ಲು ಬುಡಸಮೇತ ಹೋಗೇತಿ. ಇನ್ನೊಂದು ನಡುವ ಮುರದೈತಿ, ಅದರ ಬೇರು ಇನ್ನೂ ಒಳಗ ಉಳದೈತಿ. ಅದಕ್ಕ ಕೀವಾಗೇತ್ರಿ. ಹೆಂಗ ಮುರೀತು?"

"ನಮ್ ಭಾವ್ನೋರ್ನ ಕೇಳಿ."

"ಅವರ್ನ ಕೇಳೀನ್ರಿ. ಹಸು ಅಂದ್ರು. ಈಗ ನಿಮ್ಮನ್ನ ಕೇಳಾಕತ್ತೀನಿ."

ಸೊಣ್ಣಮ್ಮ ತಲೆಯ ಮೇಲಿನ ದೀಪವನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಎಲ್ಲರೂ ಅವನನ್ನು ಕೇಳಿ ಸುಮ್ಮನಾಗಿದ್ದರು. ತಿರುಗಿ ಬಂದು ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ಅವಳು ಹೇಳಿದಳು. ಹೊಲ, ಹೆಬ್ಬೆಟ್ಟು, ಚೊಂಬು, ಕೆಂಪಿ ಎಲ್ಲವನ್ನೂ ಹೇಳಿದಳು. ಕಣ್ಣೀರು ಕಿವಿಯೊಳಗೆ ಇಳಿಯಿತು, ಒರಸಿಕೊಳ್ಳಲಿಲ್ಲ. ಶೈಲಶ್ರೀ ಅವಳ ಭುಜ ಹಿಡಿದುಕೊಂಡಿದ್ದಳು. ಆಮೇಲೆ ಕೀವು ಆರಲು ಮಾತ್ರೆ ಕೊಟ್ಟು, ಊತ ಇಳಿದ ಮೇಲೆ ಸೂಜಿ ಚುಚ್ಚಿ ಮರಗಟ್ಟಿಸಿ ಆ ಬೇರನ್ನು ಕಿತ್ತಳು. ಹತ್ತಿ ಕಚ್ಚಿಸಿ, "ಅರ್ಧ ತಾಸು ಉಗುಳಬ್ಯಾಡ್ರಿ, ಇವತ್ತ ಎಲಿ ಅಡಿಕಿ ಬ್ಯಾಡ್ರಿ" ಎಂದಳು. ಸೊಣ್ಣಮ್ಮನಿಗೆ ಕಿತ್ತದ್ದಕ್ಕಿಂತ ಎಲೆಅಡಿಕೆ ಇಲ್ಲದ ಸಂಜೆಯೇ ದೊಡ್ಡ ನೋವಾಯಿತು.

ಒಸಡು ಮಾಗುವವರೆಗೆ ಉಳಿದ ಕೆಲಸ ನಡೆಯಿತು. ಕಲೆಗಟ್ಟಿದ ಹಲ್ಲುಗಳ ಕ್ಲೀನಿಂಗ್ ಆಯಿತು. ಹುಳುಕಾಗಿದ್ದ ಒಂದು ದವಡೆ ಹಲ್ಲಿಗೆ ಫಿಲ್ಲಿಂಗ್ ಆಯಿತು. ಇನ್ನು ಉಳಿದದ್ದು ಆ ಸಂದು.

ಶೈಲಶ್ರೀ ಪ್ಲಾಸ್ಟರಿನ ಮಾದರಿ ಬಾಯಿಗಳನ್ನು ಮೇಜಿನ ಮೇಲಿಟ್ಟು ತೋರಿಸಿದಳು. "ನಮ್ಮ ಓನರ್ ಹೇಳಿದ್ದು ಇದು, ಬ್ರಿಡ್ಜ್. ಆಜುಬಾಜು ಹಲ್ಲು ಸ್ವಲ್ಪ ಅರದು, ಅವಕ್ಕ ಟೊಪ್ಪಗಿ ಹಾಕಿ, ನಡುವ ಎರಡು ಹಲ್ಲು ಕೂಡಿಸೂದು. ಒಮ್ಮೆ ಅಂಟಿಸಿದ್ರ ಮುಗೀತು. ಛಲೋ ಇರ್ತೈತಿ."

"ತೆಗ್ಯಕ್ಕೆ ಬತ್ತದಾ?"

"ಇಲ್ರಿ, ತಗ್ಯಾಕ ಬರೂದಿಲ್ಲ."

"ಇದು?"

"ಇದು ತಗದು ಹಾಕೂ ಸೆಟ್ಟು. ಅಂಗುಳಕ್ಕ ಅಂಟಿ ಕೂಡತೈತಿ, ಈ ಕೊಂಡಿ ಹಲ್ಲು ಹಿಡಕೋತಾವು. ರಾತ್ರಿ ತಗದು ನೀರಾಗ ಇಡಬೇಕು. ಮೊದಮೊದಲು ಬಾಯಾಗ ಏನೋ ಇಟಗೊಂಡಂಗ ಅನಸ್ತೈತಿ. ನನ್ನ ಕೇಳಿದ್ರ ಬ್ರಿಡ್ಜೇ ಒಳ್ಳೇದು."

ಸೊಣ್ಣಮ್ಮ ಎರಡನೆಯದನ್ನು ಕೈಗೆತ್ತಿಕೊಂಡಳು. ಸಂತೆಯಲ್ಲಿ ಕರು ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು. ಅಷ್ಟು ಹೊತ್ತಿಗೆ ಅವಳ ತಲೆಯೊಳಗೆ ಒಂದು ದೀಪ ಹತ್ತಿಕೊಂಡಿತ್ತು.

"ಇದೇ ಇರ್ಲಿ ಕಣವ್ವ."

"ಯಾಕ್ರಿ?"

"ತೊಳ್ಯಕ್ಕೆ ಚೆಂದ" ಎಂದು ನಕ್ಕಳು ಸೊಣ್ಣಮ್ಮ. ಶೈಲಶ್ರೀ ಆ ನಗೆಯನ್ನು ಒಂದು ಗಳಿಗೆ ನೋಡಿ, ಮತ್ತೆ ಕೇಳದೆ ಅಚ್ಚು ತೆಗೆಯಲು ಗುಲಾಬಿ ಬಣ್ಣದ ಹಿಟ್ಟು ಕಲಸತೊಡಗಿದಳು. ಹಲ್ಲಿನ ಬಣ್ಣ ಆರಿಸುವಾಗಲೂ ಸೊಣ್ಣಮ್ಮ ಬಿಳಿಯದನ್ನು ಒಲ್ಲೆ ಎಂದಳು. "ಮದ್ಲಿದ್ದಂಗೇ ಇರ್ಬೇಕು. ಅವ್ರು ಮುರ್ದಿದ್ದು ಹಳದೀವು."

ಹೊಸ ಹಲ್ಲು ಕೂತ ದಿನ ರಾಮಯ್ಯ ಬಂದು, ಕುದುರೆ ಕೊಳ್ಳುವವನಂತೆ ಬಗ್ಗಿ ಅವಳ ಬಾಯಿ ನೋಡಿದ. ಸಂದು ಮುಚ್ಚಿತ್ತು. ಮೀಸೆ ಕುಣಿಯಿತು.

"ಗಟ್ಟಿಯಾಗ್ ಕೂತವಾ ಡಾಕ್ಟ್ರಮ್ಮ? ಊಟ ಮಾಡ್ವಾಗ, ಮಾತಾಡ್ವಾಗ ಬೀಳಲ್ಲ ತಾನೆ?"

"ಬೀಳಂಗಿಲ್ರಿ" ಎಂದಳು ಶೈಲಶ್ರೀ.

ಅವಳು ಹೇಳಿದ್ದು ನಿಜ. ಬೀಳುವುದಿಲ್ಲ. ತೆಗೆಯಬಹುದೇ ಎಂದು ಅವನು ಕೇಳಲಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಒಮ್ಮೆಯಾದರೂ ಕೂತಿದ್ದವನಾದರೆ ಕೇಳುತ್ತಿದ್ದ. ಮೂವತ್ತೆರಡೂ ಗಟ್ಟಿ ಇದ್ದದ್ದೇ ಅವನಿಗೆ ಮುಳುವಾಯಿತು.

ವೀಳ್ಯಶಾಸ್ತ್ರದ ದಿನ ಬಿಲ್ಡಿಂಗಿನ ಮುಂದೆ ರಸ್ತೆಯ ಅರ್ಧಕ್ಕೆ ಶಾಮಿಯಾನ ಬಿತ್ತು. ಮಡಿವಾಳದಿಂದ ಎರಡು ವ್ಯಾನಿನ ತುಂಬ ಬೀಗರು ಬಂದಿಳಿದರು. ನಡುವೆ ಜಮಖಾನ, ಅದರ ಮೇಲೆ ದೊಡ್ಡ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಅರಿಶಿನದ ಕೊಂಬು, ಸೇವಂತಿಗೆ. ಒಂದು ಕಡೆ ರಾಮಯ್ಯ, ಇನ್ನೊಂದು ಕಡೆ ಹುಡುಗನ ತಾತ ಜಯದೇವಪ್ಪ. ಇಬ್ಬರೂ ತಟ್ಟೆ ಹಿಡಿದು ಹೆಣ್ಣು ಕೊಟ್ಟೆ, ತಂದುಕೊಂಡೆ ಎಂದು ಹೇಳಿ ಬದಲಾಯಿಸಿಕೊಂಡರೆ ಮಾತು ಮುಗಿದ ಹಾಗೆ. ಆ ತಟ್ಟೆಯ ಮೇಲೆ ಕೈಯಿಟ್ಟು ಆಡಿದ್ದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಗಂಡನಿಲ್ಲದವಳೆಂದು ಸೊಣ್ಣಮ್ಮನನ್ನು ಹಿಂದೆ ಕಂಬದ ಬಳಿ ಕೂರಿಸಿದ್ದರು. ಬಾಯಿ ಮುಚ್ಚಿ ಕೂತಿದ್ದಳು. ಒಳಗೆ ನಾಲಿಗೆಯ ತುದಿ ಹಲ್ಲಿನ ಸೆಟ್ಟಿನ ಅಂಚನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಅವಳಿಗೆ ಭಯವಿತ್ತು. ಶ್ವೇತಾ ಒಳ್ಳೆಯ ಹುಡುಗಿ, ಚಿಕ್ಕಂದಿನಲ್ಲಿ ಇದೇ ಜಗಲಿಯ ಮೇಲೆ ಆಡಿ ಬೆಳೆದವಳು. ಸಂಬಂಧ ಮುರಿದು ಬಿದ್ದರೆ ಆ ಹುಡುಗಿಯ ಪಾಪ ಸುತ್ತಿಕೊಳ್ಳುತ್ತದೆ. ಇವತ್ತು ಬೇಡ ಎಂದುಕೊಂಡಳು. ಕೆಂಪಿಯನ್ನು ಹಗ್ಗ ಹಿಡಿದು ಎಳೆದುಕೊಂಡು ಹೋಗುವಾಗ ಅದು ತಿರುಗಿ ತಿರುಗಿ ನೋಡಿದ್ದು ನೆನಪಾಯಿತು. ಆದರೂ ಬೇಡ ಎಂದೇ ಅಂದುಕೊಂಡಳು. ಅವಳು ನಿಜಕ್ಕೂ ಸುಮ್ಮನಿದ್ದುಬಿಡುತ್ತಿದ್ದಳು. ಸುಮ್ಮನಿರಲಾರದವನು ರಾಮಯ್ಯ.

ಇಬ್ಬರೂ ತಟ್ಟೆ ಎತ್ತಿ ಹಿಡಿಯುತ್ತಿದ್ದಂತೆ ಮಾರಮ್ಮ ಸುತ್ತ ನೋಡಿ, "ಎಲ್ಲಿ ಆ ಹಲ್ಲಿಲ್ದ ಅಮ್ಮ? ಕಾಣ್ತಾನೇ ಇಲ್ಲ" ಎಂದಳು.

"ಅಗೋ ಅಲ್ಲೇ ಕೂತವ್ಳೆ! ಈಗ ಹಲ್ಲಿಲ್ದೋಳಲ್ಲ ತಾಯಿ" ಎಂದ ರಾಮಯ್ಯ, ಎರಡು ಕೈಯೂ ತಟ್ಟೆಯ ಮೇಲಿದ್ದಂತೆಯೇ. "ನಾನೇ ಕಟ್ಟಿಸ್ಕೊಟ್ಟೆ. ಪಾಪ, ಹಸು ಹಾಯ್ದು ಹೋಗಿದ್ವು. ತಮ್ಮನ್ ಹೆಂಡ್ತಿ ಅಲ್ವಾ, ನಾನ್ ನೋಡ್ಕೊಳ್ದೆ ಇನ್ಯಾರ್ ನೋಡ್ಕೋತಾರೆ? ಏ ಸೊಣ್ಣಮ್ಮ, ಬಾ, ನಕ್ಕು ತೋರ್ಸು ಬೀಗ್ರಿಗೆ."

ಸೊಣ್ಣಮ್ಮ ಎದ್ದಳು. ಜನರನ್ನು ದಾಟಿಕೊಂಡು ಜಮಖಾನದ ಮೇಲೆ ಬಂದು ರಾಮಯ್ಯನ ಎದುರು ಕುಕ್ಕರಗಾಲಲ್ಲಿ ಕೂತಳು. ಎಲ್ಲರಿಗೂ ಕಾಣುವಂತೆ ಒಮ್ಮೆ ತುಂಬು ಬಾಯಿ ನಕ್ಕಳು. ಹೆಂಗಸರು ಚೆನ್ನಾಗಿದೆ ಎಂದರು. ಆಮೇಲೆ ಹೆಬ್ಬೆಟ್ಟನ್ನು ಅಂಗುಳಕ್ಕೆ ಒತ್ತಿ, ಹಲ್ಲಿನ ಸೆಟ್ಟನ್ನು ತೆಗೆದು, ವೀಳ್ಯದೆಲೆಯ ಮೇಲೆ ತೆಂಗಿನಕಾಯಿಯ ಪಕ್ಕದಲ್ಲಿ ಇಟ್ಟಳು.

ರಾಮಯ್ಯ ಬೆಚ್ಚಿದ. ಕೈ ಹಿಂದಕ್ಕೆಳೆಯಲು ಹೋದ. ಆದರೆ ತಟ್ಟೆಯ ಆ ಕಡೆಯನ್ನು ಜಯದೇವಪ್ಪ ಹಿಡಿದಿದ್ದರು, ತಾನು ಬಿಟ್ಟರೆ ಮಂಗಳದ ತಟ್ಟೆ ಮಗುಚಿಕೊಳ್ಳುತ್ತದೆ.

"ಭಾವ" ಎಂದಳು ಸೊಣ್ಣಮ್ಮ. ಹಲ್ಲಿಲ್ಲದ ಸಂದಿನಿಂದ ಮಾತು ಗಾಳಿ ಬೆರೆತು ಬಂತು, ಆದರೂ ಕಂಬದವರೆಗೆ ಕೇಳಿಸಿತು. "ಕೈ ವೀಳ್ಯದ್ ಮೇಲೈತೆ. ಅವತ್ತು ಅರಳಿಕಟ್ಟೇಲಿ ಮುಟ್ಲಿಲ್ಲ. ಇವತ್ತು ಮುಟ್ಟಿದೀರ. ಇನ್ನೊಂದ್ಸಲ ಹೇಳಿ. ಹಸು ಹಾಯ್ತಾ?"

"ಏ! ಎತ್ತೇ ಅದನ್ನ! ಶುಭಕಾರ್ಯದಾಗೆ ಎಂಜಲು ತಂದು..."

"ನೀವೇ ಕಟ್ಸಿದ್ದಲ್ವಾ? ನೀವೇ ಎತ್ತಿ."

ಯಾರೂ ಎತ್ತಲಿಲ್ಲ. ಇನ್ನೊಬ್ಬರ ಬಾಯಲ್ಲಿದ್ದುದನ್ನು ಯಾರು ಮುಟ್ಟುತ್ತಾರೆ? ಪುರೋಹಿತರು ಪಂಚೆ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು, "ಮೈಲಿಗೆಯಾಯ್ತು, ಬೇರೆ ತಟ್ಟೆ ತರ್ಸಿ" ಎಂದರು.

"ತಟ್ಟೆ ಬದಲಾಯಿಸ್ಬೋದು ಅಯ್ನೋರೆ" ಎಂದಳು ಮಾರಮ್ಮ. "ಅದ್ರ್ ಮೇಲೆ ಆಡಿದ್ ಮಾತನ್ನ ಏನ್ ಮಾಡನಾ? ಏನಪ್ಪ ರಾಮಯ್ಯ, ನಮ್ಮನೇಗೆ ಹೆಣ್ ಕೊಟ್ಟೆ ಅಂತ ಹೇಳಕ್ಕೂ ಮೊದ್ಲು ಆ ಅಮ್ಮನಿಗೆ ಉತ್ತರ ಹೇಳು. ಹಸು ಅಂತ ಇನ್ನೊಂದ್ಸಲ ಅನ್ನು. ನಾವು ನಂಬ್ತೀವಿ."

ರಾಮಯ್ಯ ತಟ್ಟೆಯನ್ನು ನೋಡಿದ. ವೀಳ್ಯ ಮುಟ್ಟಿ ಸುಳ್ಳಾಡಿದ ಮನೆಯಲ್ಲಿ ಯಾರೂ ಹಸೆಮಣೆ ಏರುವುದಿಲ್ಲ. ಎದುರಿಗೇ ಹಸೆಮಣೆ ಏರಬೇಕಾದ ಹುಡುಗಿ, ರೇಷ್ಮೆ ಸೀರೆ ಉಟ್ಟು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

"ತಾತ, ಹೇಳಿ" ಎಂದಳು ಶ್ವೇತಾ.

"ಚೊಂಬು..." ಎಂದ ರಾಮಯ್ಯ. "ಕೈಲಿ ಚೊಂಬಿತ್ತು. ತಗುಲ್ತು."

"ಅದಕ್ಕೇನ್ ರೆಕ್ಕೆ ಬಂದಿತ್ತಾ?" ಎಂದಳು ಸೊಣ್ಣಮ್ಮ.

"ನಾನೇ ಹೊಡ್ದೆ."

"ಹಿಂದ್ಗಡೆಯೋರ್ಗೆ ಕೇಳುಸ್ಲಿಲ್ಲ."

"ನಾನೇ ಹೊಡ್ದೆ ಕಣಮ್ಮ! ಹಸು ಅಲ್ಲ, ನಾನು! ಸಾಕಾ?"

ಅಡುಗೆಯವರೂ ಸೌಟು ಹಿಡಿದು ಇಣುಕಿ ನಿಂತಿದ್ದರು.

"ಹೆಸ್ರು ಹೇಳಿ" ಎಂದಳು ಸೊಣ್ಣಮ್ಮ. "ಬರೀ ಹಸು ಅಲ್ಲ. ಅದ್ಕೊಂದ್ ಹೆಸ್ರಿತ್ತು."

ರಾಮಯ್ಯ ಅವಳನ್ನು ನೋಡಿದ. ಆ ನೋಟದಲ್ಲಿ ಕೊಲ್ಲುವಷ್ಟು ಸಿಟ್ಟಿತ್ತು, ಆದರೆ ಕೈಯಲ್ಲಿ ಈ ಸಲ ಚೊಂಬಿರಲಿಲ್ಲ, ಇಳಿಸಲಾಗದ ತಟ್ಟೆಯಿತ್ತು.

"ಕೆಂಪಿ ಹಾಯ್ಲಿಲ್ಲ" ಎಂದ.

ಸೊಣ್ಣಮ್ಮ ಹಲ್ಲನ್ನು ಎತ್ತಿಕೊಂಡು ಕಂಬದ ಬಳಿಗೆ ಹೋದಳು. ಲೋಟದ ನೀರಿನಲ್ಲಿ ತೊಳೆದು ಹಾಕಿಕೊಂಡಳು. ಬೇರೆ ತಟ್ಟೆ ಬಂತು, ಹೊಸ ವೀಳ್ಯ ಬಂತು. ಜಯದೇವಪ್ಪ ಹುಡುಗಿಯನ್ನು ತಂದುಕೊಂಡೆವು ಎಂದರು, ಮಾರಮ್ಮ ತನ್ನ ಕೈಯಾರೆ ಶ್ವೇತಾಳಿಗೆ ಹೂ ಮುಡಿಸಿದಳು. ಯಾರೂ ರಾಮಯ್ಯನ ಮುಖ ನೋಡಿ ಮಾತಾಡಲಿಲ್ಲ. ಇಷ್ಟು ವರ್ಷ ಕಾದದ್ದು ಕೈಗೆ ಬಂದಾಗ ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಬಹುದೆಂದು ಸೊಣ್ಣಮ್ಮ ಎಣಿಸಿದ್ದಳು. ಹಾಗೇನೂ ಆಗಲಿಲ್ಲ, ಜೋರಾಗಿ ಹಸಿವಾಯಿತು. ಪಂಕ್ತಿಯಲ್ಲಿ ಕೂತು ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಂಡು, ಮುಂದಿನ ಹಲ್ಲಿನಲ್ಲೇ ಕಚ್ಚಿ ತಿಂದಳು. ರಾಮಯ್ಯ ಊಟಕ್ಕೆ ಇಳಿಯಲಿಲ್ಲ.

ಮಾರನೆಯ ದಿನ ಶೈಲಶ್ರೀ ಸ್ಕೂಟಿ ನಿಲ್ಲಿಸುವ ಹೊತ್ತಿಗೆ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಸೊಣ್ಣಮ್ಮನ ಪಕ್ಕದಲ್ಲಿ ಬಂದು ಕೂತಳು.

"ಕೆಲಸ ಮುಗೀತಲ್ರಿ ಯವ್ವಾ. ಇನ್ನರ ಬ್ರಿಡ್ಜ್ ಹಾಕೂಣೇನು? ದಿನಾ ತಗದು ಹಾಕೂ ತ್ರಾಸ ಇರೂದಿಲ್ಲ."

ಪಕ್ಕದ ಬಿಲ್ಡಿಂಗಿನ ಮೊದಲ ಮಹಡಿಯ ಕಿಟಕಿಯಲ್ಲಿ ರಾಮಯ್ಯ ನಿಂತಿದ್ದ. ಸೊಣ್ಣಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಹೆಬ್ಬೆಟ್ಟನ್ನು ಮೆಲ್ಲಗೆ ಬಾಯಿಯ ಹತ್ತಿರ ಒಯ್ದಳು, ಅಷ್ಟೆ. ಕಿಟಕಿ ದಢಾರನೆ ಮುಚ್ಚಿಕೊಂಡಿತು.

"ಈಗ್ಲೇ ಬ್ಯಾಡ ಕಣವ್ವ" ಎಂದಳು. "ನೆನ್ನೆ ಕೇಳಿಸ್ಕೊಂಡಿದ್ದು ಬರೀ ಬೀಗ್ರು. ಅರಳಿಕಟ್ಟೇಲಿ ಕೂತಿದ್ದೋರೆಲ್ಲ ಮದ್ವೆಗೆ ಬತ್ತಾರೆ."